ಹಡ್ಸನ್ ತೀರದ ಕೆಸರಿನ ಕಣಜ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಗೆ ಹೋಗಿಬಂದವರು ನ್ಯೂಯಾರ್ಕಿನ ಮುಗಿಲು ಮುಟ್ಟುವ ಸೌಧಗಳನ್ನೂ ನಯಾಗರಾ ಜಲಪಾತವನ್ನೂ ವರ್ಣಿಸುವುದು ವಾಡಿಕೆ. ಅವೆರಡನ್ನೂ ನಾನು ಕಣ್ತುಂಬ ನೋಡಿದೆನು. ಆದರೆ ಅವುಗಳ ವಿಷಯವಾಗಿ ವಾಚಕರು ಈ ಮೊದಲೇ ಕೇಳದಿರುವ ಮಾತು ನನ್ನಲ್ಲಿ ಒಂದೂ ಇಲ್ಲ. ನಾನು ಬರೆಯಹೊರಟಿರುವುದು ಕೆಸರಿನ ವಿಷಯ. ಸಾವಿರಾರು ಮೈಲಿ ವಿಮಾನದಲ್ಲಿ ಹಾರಿಹೋಗಿ ಕಡೆಗೆ ಕೆಸರನ್ನು ನೋಡಿಕೊಂಡು ಬಂದ ಮುದುಕನೆಂದು ನಮ್ಮ ಮನೆಯಲ್ಲಿ ಈಗಲೂ ನಗುವುದುಂಟು. ನಗಲಿ, ಅದರಿಂದ ಕೆಸರಿನ ಘನತೆಗೆ ಕುಂದಿಲ್ಲ.

2019ನೆಯ ಇಸವಿಯ ಅಕ್ಟೋಬರ್ ತಿಂಗಳು. ನನ್ನ ಮಗಳೂ ಅಳಿಯನೂ ನ್ಯೂಜೆರ್ಸಿ ಸಂಸ್ಥಾನದಲ್ಲಿ ಸಂಸಾರ ಹೂಡಿರುವರು. ಅಳಿಯನ ಪರಿಚಯಸ್ಥರೊಬ್ಬರು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ ಲಾಮಾಂಟ್-ಡೊಹರ್ಟಿ ಭೂವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದರು. "ಅಲ್ಲಿ ಪ್ರಪಂಚದ ಸಮುದ್ರಗಳೆಲ್ಲದರ ತಳದ ಕೆಸರನ್ನು ಕಂಬ ಕಂಬವಾಗಿ ತಂದು ಜೋಡಿಸಿಟ್ಟಿದ್ದಾರೆ. ಅದನ್ನು ನೋಡಿ, ಲಕ್ಷ ವರ್ಷಗಳ ಹಿಂದೆ ಸಮುದ್ರದ ನೀರು ಎಷ್ಟು ಬೆಚ್ಚಗಿತ್ತು, ಎಷ್ಟು ತಣ್ಣಗಿತ್ತು ಎಂಬುದನ್ನು ಡಿಗ್ರಿಗಳಲ್ಲಿ ಹೇಳುತ್ತಾರೆ" ಎಂದು ಅವನು ಒಂದು ರಾತ್ರಿ ಊಟದ ಹೊತ್ತಿನಲ್ಲಿ ಹೇಳಿದನು. ನನಗೆ ನಂಬಿಕೆ ಬರಲಿಲ್ಲ.

ಬಾರದಿದ್ದುದಕ್ಕೆ ಕಾರಣವುಂಟು. ನಮ್ಮದು ಶ್ರೀರಂಗಪಟ್ಟಣದ ಸೀಮೆ. ನಮ್ಮ ತಂದೆಯವರು 1938ನೆಯ ಇಸವಿಯಿಂದ 1964ರವರೆಗೆ ಮಳೆಯ ಲೆಕ್ಕವನ್ನು ಒಂದು ಪುಸ್ತಕದಲ್ಲಿ ತಪ್ಪದೆ ಬರೆದಿಟ್ಟಿದ್ದರು. ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಒಂದು ಹಿತ್ತಾಳೆಯ ಪಾತ್ರೆ, ಅದರಲ್ಲಿ ಅದ್ದಿ ನೋಡಲು ಗೀಟು ಹಾಕಿದ ಒಂದು ಬಿದಿರು ಕಡ್ಡಿ, ಇಷ್ಟೇ ಅವರ ಯಂತ್ರ. ವರ್ಷದಿಂದ ವರ್ಷಕ್ಕೆ ಮಳೆ ಇಳಿಮುಖವಾಗುತ್ತಿರುವುದೆಂದು ಆ ಪುಸ್ತಕವು ಸಾರುತ್ತಿತ್ತು. ಅದನ್ನು ನಂಬಿ ಅವರು 1964ರಲ್ಲಿ ಮೂರು ಎಕರೆ ಖುಷ್ಕಿ ಹೊಲವನ್ನು ಸಿಕ್ಕಿದ ಬೆಲೆಗೆ ಮಾರಿಬಿಟ್ಟರು. ಮುಂದಿನ ಮಳೆಗಾಲದಲ್ಲಿ ಹಿತ್ತಿಲು ಗುಡಿಸುತ್ತಿದ್ದ ನಮ್ಮ ತಾಯಿಯವರು ಪೊರಕೆಯನ್ನು ನಿಲ್ಲಿಸಿ ತಲೆಯೆತ್ತಿ ನೋಡಿ, "ಮಳೆ ಕಡಮೆಯಾಯಿತೋ, ಮಾವಿನ ಮರ ದೊಡ್ಡದಾಯಿತೋ?" ಎಂದರು. ಒಗೆಯುವ ಕಲ್ಲಿಗೆ ನಾಲ್ಕು ಮೊಳ ದೂರದಲ್ಲಿ ಒಂದು ಮಾವಿನ ಗಿಡವಿದ್ದಿತು. ಪುಸ್ತಕ ಮೊದಲಾದಾಗ ಅದು ಮೊಣಕಾಲೆತ್ತರ. ಪುಸ್ತಕ ಮುಗಿಯುವ ವೇಳೆಗೆ ಅದರ ಕೊಂಬೆಗಳು ಕಲ್ಲಿನ ಮೇಲೆ ಚಪ್ಪರ ಹಾಕಿದ್ದವು. ಹಿತ್ತಾಳೆಯ ಪಾತ್ರೆ ಸುಳ್ಳು ಹೇಳಿರಲಿಲ್ಲ. ತನ್ನೊಳಕ್ಕೆ ಬಿದ್ದಷ್ಟನ್ನೇ ಹೇಳಿತ್ತು. ತಂದೆಯವರು ಆ ಮಾತಿಗೆ ಉತ್ತರ ಕೊಡಲಿಲ್ಲ. ಪುಸ್ತಕದಲ್ಲಿ ಆಮೇಲೆ ಒಂದು ಗೆರೆಯನ್ನೂ ಬರೆಯಲಿಲ್ಲ.

ಹಿತ್ತಿಲಿನ ಇಪ್ಪತ್ತಾರು ವರ್ಷಗಳಿಗೇ ಈ ಗತಿಯಾದರೆ ಸಮುದ್ರತಳದ ಲಕ್ಷಾಂತರ ವರ್ಷಗಳ ಲೆಕ್ಕವನ್ನು ನಂಬುವುದು ಹೇಗೆ? ಇವರ ಮಾವಿನ ಮರ ಯಾವುದು? ಈ ಪ್ರಶ್ನೆಯನ್ನು ಕಟ್ಟಿಕೊಂಡೇ ನಾನು ಮರುದಿನ ಕಾರು ಹತ್ತಿದೆನು.

ನ್ಯೂಯಾರ್ಕ್ ನಗರಕ್ಕೆ ಉತ್ತರದಲ್ಲಿ ಹಡ್ಸನ್ ನದಿಯ ಪಶ್ಚಿಮ ದಡದುದ್ದಕ್ಕೂ ಕಪ್ಪು ಬಂಡೆಯ ಗೋಡೆಯೊಂದು ನಿಂತಿರುವುದು. ಅದನ್ನು ಪ್ಯಾಲಿಸೇಡ್ಸ್ ಎಂದು ಕರೆಯುವರು. ಸುಮಾರು 20 ಕೋಟಿ ವರ್ಷಗಳ ಹಿಂದೆ ಭೂಮಿಯೊಳಗಿನಿಂದ ಕುದಿದು ಬಂದ ಶಿಲಾರಸವು ಒಳಗೇ ಆರಿ ಬಿರಿದು ಕಂಬಗಳಾಗಿ ನಿಂತಿದೆ. ನಮ್ಮ ಮಲ್ಪೆಯ ಎದುರಿಗಿರುವ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳನ್ನು ನೋಡಿದವರಿಗೆ ಇದರ ರೂಪ ಕೂಡಲೇ ಮನಸ್ಸಿಗೆ ಬರುವುದು. ಇಲ್ಲಿ ಮಾತ್ರ ಅದು ಮೈಲಿಗಟ್ಟಲೆ ಹಬ್ಬಿದೆ, ಕೆಳಗೆ ಸಮುದ್ರಕ್ಕೆ ಬದಲು ನದಿ. ಆ ನದಿಯೂ ನಮ್ಮ ಕಾವೇರಿಯಂಥದಲ್ಲ. ಸಮುದ್ರದ ಉಬ್ಬರವು ಅದರೊಳಕ್ಕೆ ಬಹು ದೂರ ನುಗ್ಗುವುದರಿಂದ ದಿನಕ್ಕೆರಡು ಸಲ ನೀರು ಹಿಂದಕ್ಕೆ ಹರಿಯುವುದು. ಆ ದೇಶದ ಮೂಲನಿವಾಸಿಗಳು ಅದಕ್ಕೆ ಇಟ್ಟಿದ್ದ ಹೆಸರಿನ ಅರ್ಥವೂ ಎರಡು ಕಡೆಗೂ ಹರಿಯುವ ನೀರೆಂದೇ. ಬಂಡೆಯ ನೆತ್ತಿಯ ಮೇಲೆ ರಸ್ತೆ. ರಸ್ತೆಯ ಎರಡು ಪಕ್ಕಗಳಲ್ಲಿಯೂ ಶರತ್ಕಾಲದ ಮರಗಳು ಅರಿಸಿನ ಕುಂಕುಮ ಚೆಲ್ಲಿದಂತೆ ನಿಂತಿದ್ದವು. ನ್ಯೂಜೆರ್ಸಿಯ ಎಲ್ಲೆ ದಾಟಿ ನ್ಯೂಯಾರ್ಕ್ ಸಂಸ್ಥಾನವನ್ನು ಹೊಕ್ಕ ಸ್ವಲ್ಪ ಹೊತ್ತಿಗೇ ವೀಕ್ಷಣಾಲಯದ ದ್ವಾರ ಕಾಣಿಸಿತು.

ಇದು ಮೊದಲು ಥಾಮಸ್ ಲಾಮಾಂಟ್ ಎಂಬ ಧನಿಕ ಸಾಹುಕಾರರ ತೋಟದ ಮನೆಯಾಗಿತ್ತು. ಅವರು ತೀರಿಕೊಂಡ 1948ನೆಯ ಇಸವಿಯಲ್ಲಿ ಅವರ ಪತ್ನಿಯವರು ಇದನ್ನು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ದಾನವಾಗಿ ಕೊಟ್ಟರು. 1949ರಲ್ಲಿ ಮಾರಿಸ್ ಯೂಯಿಂಗ್ ಎಂಬ ಟೆಕ್ಸಾಸಿನ ವಿಜ್ಞಾನಿ ಇಲ್ಲಿ ವೀಕ್ಷಣಾಲಯವನ್ನು ಸ್ಥಾಪಿಸಿದರು. ಶ್ರೀಮಂತರ ವಿಹಾರಕ್ಕೆಂದು 1923ರಲ್ಲಿ ಡೆನ್ಮಾರ್ಕಿನಲ್ಲಿ ಕಟ್ಟಿದ ಮೂರು ಕಂಬದ ಹಾಯಿ ಹಡಗೊಂದನ್ನು 1953ರಲ್ಲಿ ಕೊಂಡುಕೊಂಡು, ಅದನ್ನು ಸಮುದ್ರಶೋಧನೆಗೆ ತೊಡಗಿಸಿದವರೂ ಅವರೇ. ವೀಮಾ ಎಂಬುದು ಆ ಹಡಗಿನ ಹೆಸರು. 1981ರಲ್ಲಿ ನಿವೃತ್ತಿ ಹೊಂದುವಷ್ಟರಲ್ಲಿ ಅದು ಹತ್ತು ಲಕ್ಷ ಮೈಲಿಗೂ ಮಿಕ್ಕಿ ಸಂಚರಿಸಿದ್ದಿತು. ವಿಹಾರನೌಕೆಗಳಲ್ಲಿ ಇಂಥ ಸದ್ಗತಿಯನ್ನು ಪಡೆದವು ವಿರಳವೆಂದು ನನ್ನ ಎಣಿಕೆ.

ಯೂಯಿಂಗ್ ಹಾಕಿಕೊಟ್ಟ ಕಟ್ಟಳೆಯೊಂದನ್ನು ಇಲ್ಲಿ ಹೇಳಲೇಬೇಕು. ಹಡಗು ಎಲ್ಲಿಯೇ ಇರಲಿ, ಏನೇ ಕೆಲಸ ನಡೆಯುತ್ತಿರಲಿ, ದಿನಕ್ಕೊಂದು ಕೆಸರಿನ ಕಂಬವನ್ನು ಎತ್ತಬೇಕು. ಅದು ಯಾವುದಕ್ಕೆ ಬೇಕು, ಯಾರಿಗೆ ಬೇಕು ಎಂದು ಕೇಳಬಾರದು. ನಮ್ಮ ಹಿರಿಯರು ಸುಗ್ಗಿಯಲ್ಲಿ ಕಣಜಕ್ಕೆ ರಾಗಿ ತುಂಬುವಾಗ, ಯಾವ ಬರಗಾಲದಲ್ಲಿ ಯಾವ ಮೊಮ್ಮಗ ಉಣ್ಣುವನೆಂದು ಲೆಕ್ಕ ಹಾಕಿದ್ದರೆ? ಈ ಕಟ್ಟಳೆಯನ್ನು ನಡೆಸುವುದು ಹುಡುಗಾಟವಾಗಿರಲಿಲ್ಲ. 1954ನೆಯ ಇಸವಿ ಜನವರಿಯಲ್ಲಿ ಬಿರುಗಾಳಿಗೆ ಸಿಕ್ಕಿದ ವೀಮಾ ಹಡಗಿನ ಮೇಲೆ, ಕಟ್ಟು ಕಳಚಿದ ಪೀಪಾಯಿಗಳನ್ನು ಬಿಗಿಯುತ್ತಿದ್ದ ನಾಲ್ವರನ್ನು ತೆರೆಯೊಂದು ಗುಡಿಸಿಕೊಂಡು ಹೋಯಿತು. ಅವರಲ್ಲಿ ಯೂಯಿಂಗರೂ ಇದ್ದರು, ಅವರ ತಮ್ಮನೂ ಇದ್ದನು. ಮೂವರು ಬದುಕಿ ಬಂದರು. ಹಡಗಿನ ಅಧಿಕಾರಿಯೊಬ್ಬನು ಬರಲಿಲ್ಲ. ಯೂಯಿಂಗರು ಆಮೇಲೆ ಕಡೆಯವರೆಗೂ ಕುಂಟಿಕೊಂಡೇ ನಡೆದರು. ಕೆಸರೆತ್ತುವ ಕೆಲಸ ಮಾತ್ರ ನಿಲ್ಲಲಿಲ್ಲ.

ಎತ್ತುವ ಬಗೆ ಹೀಗೆ. ಉದ್ದನೆಯ ಉಕ್ಕಿನ ಕೊಳವೆಯ ನೆತ್ತಿಗೆ ಭಾರವಾದ ಸೀಸವನ್ನು ಕಟ್ಟಿ ತಂತಿಹಗ್ಗದಲ್ಲಿ ಇಳಿಬಿಡುವರು. ಅದರ ಪಕ್ಕದಲ್ಲಿಯೇ ಸ್ವಲ್ಪ ಕೆಳಗೆ ಒಂದು ಚಿಕ್ಕ ತೂಕ ತೂಗುತ್ತಿರುವುದು. ಆ ತೂಕವು ಮೊದಲು ತಳವನ್ನು ಮುಟ್ಟಿದೊಡನೆಯೇ ಕೊಂಡಿ ಕಳಚಿ, ದೊಡ್ಡ ಕೊಳವೆಯು ದೊಪ್ಪನೆ ಬಿದ್ದು ಕೆಸರಿನೊಳಕ್ಕೆ ಇಳಿಯುವುದು. ಕೊಳವೆಯೊಳಗೆ ಒಂದು ಕೊಂತವಿದ್ದು, ಅದು ಪಿಚಕಾರಿಯ ಕೊಂತದಂತೆ ಹೀರಿಕೊಳ್ಳುವುದರಿಂದ ಪದರಗಳು ಕಲಸಿಹೋಗದೆ ಇದ್ದ ಹಾಗೆಯೇ ಮೇಲಕ್ಕೆ ಬರುತ್ತವೆ. ಈ ಕೊಂತದ ಉಪಾಯವನ್ನು 1940ರ ದಶಕದಲ್ಲಿ ಕಂಡುಹಿಡಿದವರು ಸ್ವೀಡನ್ ದೇಶದ ಕುಲ್ಲೆನ್‌ಬರ್ಗ್ ಎಂಬವರು.

ಕಣಜದೊಳಕ್ಕೆ ಹೊಕ್ಕಾಗ ನನಗೆ ನಿರಾಶೆಯಾಯಿತೆಂದು ಮುಚ್ಚುಮರೆಯಿಲ್ಲದೆ ಹೇಳಬೇಕು. ನೆಲದಿಂದ ಮಾಳಿಗೆಯವರೆಗೆ ಕಬ್ಬಿಣದ ಅಟ್ಟಣೆಗಳು; ಅಟ್ಟಣೆಗಳ ತುಂಬ ಉದ್ದುದ್ದನೆಯ ತಟ್ಟೆಗಳು; ತಟ್ಟೆಗಳಲ್ಲಿ ಬೂದು, ಕಂದು, ಸುಣ್ಣದ ಬಣ್ಣದ ಮಣ್ಣು. ಹದಿನೆಂಟು ಸಾವಿರಕ್ಕೂ ಮಿಕ್ಕಿ ಕಂಬಗಳು ಇಲ್ಲಿವೆಯೆಂದು ನಮ್ಮ ಮಿತ್ರರು ಹೇಳಿದರು. ಎಲ್ಲವನ್ನೂ ತುದಿಗೆ ತುದಿ ಸೇರಿಸಿದರೆ ಎಪ್ಪತ್ತು ಕಿಲೋಮೀಟರ್ ಉದ್ದವನ್ನು ಮೀರುವುದಂತೆ. ವಾಸನೆಯೂ ಇಲ್ಲ, ಹೊಳಪೂ ಇಲ್ಲ. ನಮ್ಮೂರ ಕೆರೆಯ ಗೋಡು ಇದಕ್ಕಿಂತ ಲಕ್ಷಣವಾಗಿರುವುದೆಂದು ನನಗೆ ತೋರಿತು.

ಮಿತ್ರರು ನನ್ನ ಮುಖವನ್ನು ನೋಡಿ ನಕ್ಕು, ಒಂದು ತಟ್ಟೆಯಿಂದ ಚಿಟಿಕೆಯಷ್ಟು ಮಣ್ಣನ್ನು ಜರಡಿಯಲ್ಲಿಟ್ಟು ತೊಳೆದರು. ಜೇಡಿಯೆಲ್ಲವೂ ಹರಿದುಹೋಗಿ ಬಿಳಿಯ ರವೆಯಂಥ ಪುಡಿ ಉಳಿಯಿತು. ಅದನ್ನು ಕಪ್ಪು ತಟ್ಟೆಯ ಮೇಲೆ ಉದುರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟು, "ನೋಡಿ" ಎಂದರು.

ರವೆಯಲ್ಲ ಅದು. ಒಂದೊಂದು ಕಾಳೂ ಒಂದೊಂದು ಚಿಪ್ಪು! ಕೆಲವು ಗುಂಡನೆಯ ಗುಳ್ಳೆಗಳನ್ನು ಒತ್ತಾಗಿ ಪೋಣಿಸಿದಂತೆ ಇದ್ದವು; ಕೆಲವು ಸುರುಳಿ ಸುತ್ತಿದ ಶಂಖದಂತೆ; ಕೆಲವು ಚಕ್ಕುಲಿಯಂತೆ ಚಪ್ಪಟೆ. ಮೈಯೆಲ್ಲ ಸೂಜಿಮೊನೆಯ ತೂತುಗಳು. ಈ ತೂತುಗಳಿಂದಲೇ ಇವುಗಳಿಗೆ ಫೊರಾಮಿನಿಫೆರ, ಎಂದರೆ ರಂಧ್ರಧಾರಿಗಳು ಎಂಬ ಲ್ಯಾಟಿನ್ ಹೆಸರು ಬಂದಿರುವುದು. ಒಂದೇ ಜೀವಕೋಶದ ಪ್ರಾಣಿ. ಮಿಲಿಮೀಟರಿನ ಒಂದು ಅಂಶದಷ್ಟು ಗಾತ್ರ. ನೀರಿನಲ್ಲಿ ಕರಗಿರುವ ಸುಣ್ಣದಿಂದ ತನಗೆ ತಾನೇ ಮನೆ ಕಟ್ಟಿಕೊಂಡು, ಸಮುದ್ರದ ಮೇಲ್ಪದರದಲ್ಲಿ ಕೆಲವು ವಾರಗಳು ತೇಲಾಡಿ, ಸತ್ತಮೇಲೆ ಮನೆಯನ್ನು ಕೆಳಕ್ಕೆ ಬೀಳಿಸುವುದು. ಹಗಲಿರುಳು ಈ ಚಿಪ್ಪುಗಳ ಸೋನೆ ಸಮುದ್ರದ ತಳದ ಮೇಲೆ ಸುರಿಯುತ್ತಲೇ ಇದೆ. ಆದರೂ ನಡುಸಮುದ್ರದಲ್ಲಿ ಸಾವಿರ ವರ್ಷಕ್ಕೆ ಅಂಗುಲದಷ್ಟು ಕೆಸರು ಕೂಡುವುದೇ ಹೆಚ್ಚು. ಕದಂಬ ಮಯೂರವರ್ಮನು ಬನವಾಸಿಯಲ್ಲಿ ಪಟ್ಟವೇರಿದ ದಿನದಿಂದ ಇಂದಿನವರೆಗೆ ಬಿದ್ದುದೆಲ್ಲವೂ ಎರಡಂಗುಲದೊಳಗೆ ಅಡಗಿಹೋಗುವುದೆಂದರೆ ನಮ್ಮ ಚರಿತ್ರೆಯ ಅಳತೆ ತಿಳಿದೀತು.

ಈ ಪ್ರಾಣಿಗಳಲ್ಲಿ ಕೆಲವಕ್ಕೆ ಬೆಚ್ಚನೆಯ ನೀರು ಬೇಕು, ಕೆಲವಕ್ಕೆ ತಣ್ಣನೆಯದು. ಆದುದರಿಂದ ಯಾವ ಪದರದಲ್ಲಿ ಯಾವ ಜಾತಿ ಎಷ್ಟೆಷ್ಟಿದೆಯೆಂದು ಎಣಿಸಿದರೆ ಆ ಕಾಲದ ನೀರಿನ ಸ್ವಭಾವ ಹೊರಬೀಳುವುದು. ಮಿತ್ರರು ಎರಡು ಚಿಪ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ನೋಡಲು ಅಣ್ಣತಮ್ಮಂದಿರಂತೆ ಒಂದೇ ರೂಪು. ಆದರೆ ಒಂದು ಬಲಕ್ಕೆ ಸುರುಳಿ ಸುತ್ತಿದೆ, ಇನ್ನೊಂದು ಎಡಕ್ಕೆ. ಎಡಕ್ಕೆ ಸುತ್ತಿದ್ದು ಧ್ರುವಪ್ರದೇಶದ ಕೊರೆಯುವ ನೀರಿನದು, ಬಲಕ್ಕೆ ಸುತ್ತಿದ್ದು ಅದಕ್ಕಿಂತ ಬೆಚ್ಚನೆಯ ನೀರಿನದು. ಈ ಗುರುತನ್ನು 1959ರಲ್ಲಿ ಪ್ರಕಟಿಸಿದವರು ಇದೇ ವೀಕ್ಷಣಾಲಯದ ಡೇವಿಡ್ ಎರಿಕ್ಸನ್. ಆಗ ಇವೆರಡನ್ನೂ ಒಂದೇ ಜಾತಿಯೆಂದು ತಿಳಿದಿದ್ದರು. ಬೇರೆಬೇರೆ ಜಾತಿಗಳೆಂದು ಈಚೆಗೆ ಗೊತ್ತಾಗಿದೆ. ಕಾವೇರಿಯ ದಡದಲ್ಲಿ ಬಲಮುರಿ, ಎಡಮುರಿ ಎಂಬ ಎರಡು ಸ್ಥಳಗಳ ನಡುವೆ ಆಡಿ ಬೆಳೆದ ನನಗೆ ಈ ಮಾತನ್ನು ಎರಡು ಸಲ ಹೇಳಿಸಿಕೊಳ್ಳಬೇಕಾಗಲಿಲ್ಲ. ಬಲಮುರಿ ಶಂಖವನ್ನು ಪೂಜೆಗಿಟ್ಟು ಎಡಮುರಿಯನ್ನು ಮೂಲೆಗಿಡುವ ನಾವು, ಎರಡನ್ನೂ ಎಣಿಸಿ ನೋಡುವ ಬುದ್ಧಿಯನ್ನು ಮಾತ್ರ ಮಾಡಲಿಲ್ಲ.

"ಎಣಿಕೆ ಸರಿ. ಡಿಗ್ರಿ ಎಲ್ಲಿಂದ ಬಂತು?" ಎಂದು ಕೇಳಿದೆನು.

ಅದಕ್ಕೆ ಉತ್ತರವಾಗಿ ಬಂದದ್ದು ಆಮ್ಲಜನಕದ ಕಥೆ. ಆಮ್ಲಜನಕದ ಪರಮಾಣುಗಳೆಲ್ಲವೂ ಒಂದೇ ತೂಕದವಲ್ಲ. ಬಹುಪಾಲು 16 ಎಂಬ ತೂಕದವು; ಸುಮಾರು ಐನೂರಕ್ಕೊಂದು 18 ಎಂಬ ತೂಕದ್ದು. ಚಿಪ್ಪು ಕಟ್ಟುವಾಗ ನೀರು ತಣ್ಣಗಿದ್ದಷ್ಟೂ ಭಾರದ ಪರಮಾಣುಗಳು ಚಿಪ್ಪಿನೊಳಗೆ ತುಸು ಹೆಚ್ಚಾಗಿ ಸೇರುತ್ತವೆ. ಹೀಗಾಗಿ ಚಿಪ್ಪಿನಲ್ಲಿರುವ ಎರಡು ಬಗೆಯ ಪರಮಾಣುಗಳ ಪ್ರಮಾಣವನ್ನು ಅಳೆದರೆ, ಅದು ಹುಟ್ಟಿದ ನೀರಿನ ಉಷ್ಣತೆಯನ್ನು ಹೇಳಬಹುದೆಂದು ಷಿಕಾಗೋ ನಗರದಲ್ಲಿದ್ದ ಹೆರಾಲ್ಡ್ ಯೂರಿ 1940ರ ದಶಕದಲ್ಲಿ ತೋರಿಸಿಕೊಟ್ಟರು. ಇವರು 1934ರಲ್ಲಿಯೇ ನೊಬೆಲ್ ಪಾರಿತೋಷಕವನ್ನು ಪಡೆದಿದ್ದ ಮಹನೀಯರು. ಅವರ ಬಳಿಗೆ ಇಟಲಿಯಿಂದ ಬಂದ ಚೆಸಾರೆ ಎಮಿಲಿಯಾನಿ ಎಂಬ ತರುಣ ವಿದ್ವಾಂಸನು ಕೆಸರಿನ ಕಂಬಗಳನ್ನು ತರಿಸಿಕೊಂಡು, ಪದರ ಪದರದ ಚಿಪ್ಪುಗಳನ್ನು ಹೀಗೆ ಅಳೆದು 1955ರಲ್ಲಿ ದೊಡ್ಡ ಲೇಖನವೊಂದನ್ನು ಪ್ರಕಟಿಸಿದನು. ಅವನಳೆದ ಕೆಲವು ಕಂಬಗಳು ಈ ಕಣಜದವೇ. ಭೂಮಿಗೆ ನಾಲ್ಕೇ ಹಿಮಯುಗಗಳು ಬಂದಿದ್ದವೆಂದು ಪಾಠಪುಸ್ತಕಗಳು ಹೇಳುತ್ತಿದ್ದ ಕಾಲದಲ್ಲಿ, ಅದಕ್ಕಿಂತ ಹೆಚ್ಚು ಏರಿಳಿತಗಳು ಅವನ ಗೆರೆಯಲ್ಲಿ ಕಂಡವು. ಹಿಮಯುಗದಲ್ಲಿ ಕ್ಯಾರಿಬಿಯನ್ ಸಮುದ್ರದಂಥ ಉಷ್ಣವಲಯದ ನೀರೂ ಸುಮಾರು ಆರು ಡಿಗ್ರಿಯಷ್ಟು ತಣ್ಣಗಾಗಿತ್ತೆಂದು ಅವನು ನಿರ್ಣಯಿಸಿದನು.

ಇಲ್ಲಿಗೆ ಬಂದಾಗ ನಾನು ನಮ್ಮ ಹಿತ್ತಿಲಿನ ಕಥೆಯನ್ನು ಮಿತ್ರರಿಗೆ ಹೇಳಿ, "ನಿಮ್ಮ ಮಾವಿನ ಮರ ಯಾವುದು?" ಎಂದು ಕೇಳಿದೆನು. ಅವರು ಕೇಳಿ ಒಂದು ಕ್ಷಣ ಸುಮ್ಮನಿದ್ದು, "ಬನ್ನಿ, ತೋರಿಸುತ್ತೇನೆ" ಎಂದು ನನ್ನನ್ನು ಹೊರಕ್ಕೆ ಕರೆದುಕೊಂಡು ಹೋದರು.

ಮರಗಳ ನಡುವೆ ಬಂಡೆಯ ನೆತ್ತಿ ಬಯಲಾಗಿ ಕಾಣುತ್ತಿದ್ದ ಒಂದು ಜಾಗವಿದ್ದಿತು. ಅದರ ಮೇಲೆ ಒಂದೇ ದಿಕ್ಕಿಗೆ ಎಳೆದ ಗೀರುಗಳು; ಉಳಿಯಿಂದ ಗೀಚಿದಂತೆ ನೇರವಾಗಿದ್ದವು. "ಇಪ್ಪತ್ತು ಸಾವಿರ ವರ್ಷಗಳ ಹಿಂದೆ ನಾವು ನಿಂತಿರುವ ಈ ಸ್ಥಳದ ಮೇಲೆ ಬೆಟ್ಟದಂಥ ಹಿಮದ ಹಾಸು ಇದ್ದಿತು. ಕೆನಡಾದಿಂದ ಜಾರಿಬಂದು ನ್ಯೂಯಾರ್ಕ್ ನಗರದವರೆಗೂ ಹಬ್ಬಿತ್ತು. ಅದು ತನ್ನ ಹೊಟ್ಟೆಯಲ್ಲಿಟ್ಟುಕೊಂಡು ಬಂದ ಕಲ್ಲುಗಳು ಎಳೆದ ಗೀರುಗಳಿವು. ಇದೇ ನಮ್ಮ ಮಾವಿನ ಮರ" ಎಂದರು.

ನಾನು ತಿಳಿದುಕೊಂಡುದನ್ನು ನನ್ನ ಮಾತಿನಲ್ಲಿಯೇ ಹೇಳುತ್ತೇನೆ. ಸಮುದ್ರದ ನೀರು ಆವಿಯಾಗುವಾಗ ಹಗುರವಾದ ಆಮ್ಲಜನಕವುಳ್ಳ ನೀರು ಮೊದಲು ಮೇಲೇಳುವುದು. ಮೊರದಲ್ಲಿ ತೂರಿದಾಗ ಹೊಟ್ಟು ಹಾರಿ ಕಾಳು ಉಳಿಯುವಂತೆ ಭಾರದ್ದು ಹಿಂದೆ ಉಳಿಯುವುದು. ಸಾಮಾನ್ಯವಾಗಿ ಆ ಆವಿಯು ಮಳೆಯಾಗಿ ನದಿಗಳ ಮೂಲಕ ಸಮುದ್ರಕ್ಕೇ ಮರಳುವುದರಿಂದ ಲೆಕ್ಕ ಸರಿಹೋಗುತ್ತದೆ. ಹಿಮಯುಗದಲ್ಲಾದರೋ, ಅದು ಹಿಮವಾಗಿ ನೆಲದ ಮೇಲೆ ಬಿದ್ದು ಅಲ್ಲಿಯೇ ರಾಶಿಯಾಗಿ ನಿಂತಿತು. ಎಷ್ಟು ನಿಂತಿತೆಂದರೆ, ಸಮುದ್ರದ ಮಟ್ಟವೇ ಸುಮಾರು 120 ಮೀಟರ್ ಕೆಳಗಿಳಿಯಿತು. ಉಳಿದ ನೀರಿನಲ್ಲಿ ಭಾರದ ಆಮ್ಲಜನಕದ ಪಾಲು ಏರಿತು. ಆ ನೀರಿನಲ್ಲಿ ಕಟ್ಟಿದ ಚಿಪ್ಪಿನಲ್ಲಿಯೂ ಏರಿತು, ನೀರು ಒಂದು ಡಿಗ್ರಿಯೂ ತಣ್ಣಗಾಗದೆ ಇದ್ದರೂ ಸಹ! ಹೀಗಾಗಿ ಚಿಪ್ಪು ಹೇಳುವ ಒಂದೇ ಸಂಖ್ಯೆಯಲ್ಲಿ ಎರಡು ಸಂಗತಿಗಳು ಬೆರೆತಿವೆ: ನೀರಿನ ಚಳಿ, ನೆಲದ ಮೇಲಿನ ಹಿಮ. ಎಮಿಲಿಯಾನಿಗೆ ಇದು ತಿಳಿಯದೆ ಇರಲಿಲ್ಲ. ಆದರೆ ಹಿಮದ ಪಾಲು ಅಲ್ಪವೆಂದು ಅವನು ಎಣಿಸಿದ್ದನು.

ಈ ಗಂಟನ್ನು ಬಿಡಿಸಿದ ಬಗೆಯೇ ನನಗೆ ಆ ದಿನದ ಎಲ್ಲಕ್ಕಿಂತ ಸೊಗಸಾಗಿ ಕಂಡಿತು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ನಿಕೊಲಸ್ ಶ್ಯಾಕಲ್ಟನ್ ಎಂಬ ತರುಣರಿದ್ದರು. ವಾದ್ಯಪ್ರಿಯರು, ಕ್ಲಾರಿನೆಟ್ ವಾದ್ಯಗಳ ದೊಡ್ಡ ಸಂಗ್ರಹವನ್ನೇ ಮಾಡಿ ಎಡಿನ್‌ಬರೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋದವರು. ಅವರು ಯೋಚಿಸಿದ್ದು ಹೀಗೆ: ರಂಧ್ರಧಾರಿಗಳಲ್ಲಿ ತೇಲುವ ಜಾತಿಗಳಲ್ಲದೆ, ಸಮುದ್ರದ ತಳದಲ್ಲಿಯೇ ಬದುಕುವ ಜಾತಿಗಳೂ ಇವೆ. ಅಲ್ಲಿಯ ನೀರು ಇಂದಿಗೂ ಹೆಪ್ಪುಗಟ್ಟುವುದಕ್ಕೆ ಒಂದೆರಡು ಡಿಗ್ರಿಯಷ್ಟೇ ಮೇಲಿರುವುದು. ಅದು ಹಿಮಯುಗದಲ್ಲಿ ಆರು ಡಿಗ್ರಿ ತಣ್ಣಗಾಗಲು ಸ್ಥಳವೇ ಇಲ್ಲ. ಆದುದರಿಂದ ಮೇಲಿನ ಚಿಪ್ಪುಗಳಲ್ಲಿ ಕಂಡ ಏರಿಳಿತವು ಚಳಿಯದೇ ಆಗಿದ್ದರೆ, ತಳದ ಚಿಪ್ಪುಗಳಲ್ಲಿ ಅದು ಕಾಣಬಾರದು. ಕಂಡರೆ ಅದು ಹಿಮದ್ದು. ತಳದ ಚಿಪ್ಪುಗಳು ಬಲು ವಿರಳವಾದುದರಿಂದ, ಬೆರಳೆಣಿಕೆಯಷ್ಟನ್ನು ಇಟ್ಟರೂ ತೂಗಬಲ್ಲಂತೆ ಅವರು ಅಳೆಯುವ ಯಂತ್ರವನ್ನೇ ತಿದ್ದಿ ಅಣಿಮಾಡಿಕೊಂಡರು. ಅಳೆದಾಗ ತಳದ ಚಿಪ್ಪುಗಳಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಏರಿಳಿತ ಕಂಡಿತು. ಇದನ್ನು ಅವರು 1967ರಲ್ಲಿ ತಮ್ಮ ಮೂವತ್ತನೆಯ ವಯಸ್ಸಿನಲ್ಲಿ ಪ್ರಕಟಿಸಿದರು. ಉಷ್ಣಮಾಪಕವೆಂದು ನಂಬಿದ್ದುದು ಬಹುಮಟ್ಟಿಗೆ ಹಿಮದ ತಕ್ಕಡಿಯಾಗಿತ್ತು!

ಎಮಿಲಿಯಾನಿ ಇದನ್ನು ಬಹುಕಾಲ ಒಪ್ಪಲಿಲ್ಲ. ಅವನನ್ನು ಹಳಿಯಲು ನನಗೆ ಮನಸ್ಸಿಲ್ಲ. ಕೆಸರಿನ ಕಾಲಗಳಿಗೆ ಅವನು ಕೊಟ್ಟ ಅಂಕಿಗಳನ್ನೇ ಇಂದಿಗೂ ಎಲ್ಲರೂ ಬಳಸುವರು. ಶ್ಯಾಕಲ್ಟನ್ನರ ಎಣಿಕೆಯೂ ಪೂರ್ಣವಾಗಿ ನಿಲ್ಲಲಿಲ್ಲ. ಹಿಮಯುಗದಲ್ಲಿ ತಳದ ನೀರೂ ಒಂದಿಷ್ಟು ತಣ್ಣಗಾಗಿತ್ತೆಂದು ಮುಂದೆ ತಿಳಿದುಬಂದಿತು. ಆ ತಿದ್ದುಪಡಿಯಲ್ಲಿ ಅವರೇ ಕೈಗೂಡಿಸಿದರು. ಮಾವಿನ ಮರವನ್ನು ತಾವೇ ಹುಡುಕಿ, ಅದರ ಮಗ್ಗುಲಲ್ಲಿ ಇನ್ನೊಂದು ಸಸಿ ಇದೆಯೇ ಎಂದು ಮತ್ತೆ ನೋಡುವ ಈ ಜನರ ವಿಷಯದಲ್ಲಿ ನನಗೆ ಹೊಟ್ಟೆಕಿಚ್ಚಾಯಿತೆಂದರೆ ಅತಿಶಯೋಕ್ತಿಯಲ್ಲ.

ಹಾಗಾದರೆ ನಿಜವಾದ ಉಷ್ಣತೆಗೆ ಗತಿಯೇನು? ಅದಕ್ಕೆ ಮತ್ತೆ ಎಣಿಕೆಯೇ ಬೇಕಾಯಿತು. ಬ್ರೌನ್ ವಿಶ್ವವಿದ್ಯಾಲಯದ ಜಾನ್ ಇಂಬ್ರಿ ಮತ್ತು ಅವರ ಸಹೋದ್ಯೋಗಿಯಾದ ನಿಲ್ವಾ ಕಿಪ್ ಎಂಬ ಮಹಿಳೆ, ಇಂದಿನ ಸಮುದ್ರಗಳಲ್ಲಿ ಯಾವ ಉಷ್ಣತೆಯ ನೀರಿನ ಕೆಳಗೆ ಯಾವ ಜಾತಿಯ ಚಿಪ್ಪುಗಳು ಎಷ್ಟೆಷ್ಟು ಬೀಳುವುವೆಂದು ಗಣಿತದಿಂದ ಸೂತ್ರ ಕಟ್ಟಿ, ಅದನ್ನು ಹಳೆಯ ಪದರಗಳಿಗೆ ಅನ್ವಯಿಸಿ 1971ರಲ್ಲಿ ಪ್ರಕಟಿಸಿದರು. ಅವರು ಪರೀಕ್ಷಿಸಿದ್ದೂ ವೀಮಾ ಹಡಗು ಕ್ಯಾರಿಬಿಯನ್ ಸಮುದ್ರದಿಂದ ತಂದ ಕಂಬವನ್ನೇ. ಆರು ಡಿಗ್ರಿಯೆಂದಿದ್ದ ಚಳಿ ಅವರ ಲೆಕ್ಕದಲ್ಲಿ ಸುಮಾರು ಎರಡಕ್ಕೆ ಇಳಿಯಿತು. ಮುಂದೆ ಅನೇಕ ವಿದ್ವಾಂಸರು ಕೂಡಿ, ಹದಿನೆಂಟು ಸಾವಿರ ವರ್ಷಗಳ ಹಿಂದಿನ ಸಮುದ್ರಗಳೆಲ್ಲದರ ಉಷ್ಣತೆಯ ನಕ್ಷೆಯನ್ನೇ ಬರೆದು 1976ರಲ್ಲಿ ಹೊರತಂದರು. ಆ ನಕ್ಷೆಯಲ್ಲಿ ಉಷ್ಣವಲಯದ ಸಮುದ್ರಗಳು ಅಷ್ಟೇನೂ ತಣ್ಣಗಾಗಿರಲಿಲ್ಲ. ಅದೂ ಕಡೆಯ ಮಾತಾಗಲಿಲ್ಲ. ಚಿಪ್ಪಿನಲ್ಲಿ ಸುಣ್ಣದೊಡನೆ ಸೇರುವ ಮೆಗ್ನೀಸಿಯಂ ಎಂಬ ಧಾತುವು ನೀರು ಬೆಚ್ಚಗಾದಂತೆಲ್ಲ ಡಿಗ್ರಿಗೆ ನೂರಕ್ಕೆ ಒಂಬತ್ತರಷ್ಟು ಹೆಚ್ಚುವುದು. ಅದಕ್ಕೆ ಹಿಮದ ಹಂಗಿಲ್ಲ. ಈ ಹೊಸ ಅಳತೆಯಿಂದ ನೋಡಿದಾಗ ಉಷ್ಣವಲಯದ ಪೆಸಿಫಿಕ್ ಸಮುದ್ರವು ಮೂರು ಡಿಗ್ರಿಯವರೆಗೂ ತಣ್ಣಗಿತ್ತೆಂದು 2000ನೆಯ ಇಸವಿಯ ಸುಮಾರಿಗೆ ಗೊತ್ತಾಯಿತು.

ಮತ್ತೆ ಒಳಕ್ಕೆ ಬಂದಮೇಲೆ ಮಿತ್ರರು ಒಂದು ತಟ್ಟೆಯನ್ನು ಎಳೆದು ತೋರಿಸಿದರು. ಒಣಗಿ ಬಿರಿದ ಮಸುಕು ಬಣ್ಣದ ಮಣ್ಣು. ಅಲ್ಲಲ್ಲಿ ಕೆತ್ತಿ ತೆಗೆದ ಕಚ್ಚುಗಳು. ಅದರ ಹೆಸರು ಆರ್‌ಸಿ 11-120. ಎಂದರೆ, ರಾಬರ್ಟ್ ಕಾನ್ರಾಡ್ ಎಂಬ ಹಡಗು ತನ್ನ ಹನ್ನೊಂದನೆಯ ಯಾತ್ರೆಯಲ್ಲಿ ಎತ್ತಿದ 120ನೆಯ ಕಂಬ. ಎತ್ತಿದ ಸ್ಥಳ ಹಿಂದೂ ಮಹಾಸಾಗರದ ದಕ್ಷಿಣಭಾಗ. ಅಕ್ಷಾಂಶ ರೇಖಾಂಶಗಳನ್ನು ನೋಡಿದರೆ ನಮ್ಮ ಪುದುಚೇರಿಯಿಂದ ಹೆಚ್ಚುಕಡಿಮೆ ನೇರ ದಕ್ಷಿಣಕ್ಕೆ ಆರು ಸಾವಿರ ಕಿಲೋಮೀಟರ್ ದೂರ, ಮೂರು ಸಾವಿರ ಮೀಟರಿಗೂ ಹೆಚ್ಚಿನ ಆಳ. ಎತ್ತಿದವರಿಗೆ ಇದು ದಿನದ ಕಟ್ಟಳೆಯ ಇನ್ನೊಂದು ಕಂಬ, ಅಷ್ಟೆ. ವರ್ಷಗಳು ಕಳೆದಮೇಲೆ ಇದೇ ವೀಕ್ಷಣಾಲಯದ ಜೇಮ್ಸ್ ಹೇಸ್ ತಮಗೆ ಬೇಕಾದ ಗುಣಗಳುಳ್ಳ ಕೆಸರನ್ನು ಹುಡುಕುತ್ತ ಈ ಕಣಜವನ್ನು ಜಾಲಾಡಿದಾಗ ಇದು ಕೈಗೆ ಸಿಕ್ಕಿತು. ಇದಕ್ಕೆ ಜೊತೆಯಾಗಿ ಇನ್ನೂ ಹಳೆಯ ಕಾಲವನ್ನು ಮುಟ್ಟುವ ಮತ್ತೊಂದು ಕಂಬವು ಫ್ಲೋರಿಡಾದ ಕಣಜದಲ್ಲಿ ದೊರಕಿತು.

ಇದರ ವಿಶೇಷವೇನೆಂದರೆ, ಒಂದೇ ಕೆಸರಿನಲ್ಲಿ ಇಬ್ಬರು ಸಾಕ್ಷಿಗಳು. ಸುಣ್ಣದ ಚಿಪ್ಪುಗಳ ಆಮ್ಲಜನಕವು ಹಿಮದ ಲೆಕ್ಕವನ್ನು ಹೇಳುವುದು. ರೇಡಿಯೊಲೇರಿಯಗಳೆಂಬ, ಗಾಜಿನ ಕುಸುರಿಕೆಲಸದಂಥ ಚಿಪ್ಪುಳ್ಳ ಬೇರೊಂದು ಕುಲದ ಎಣಿಕೆಯು ನೀರಿನ ಉಷ್ಣತೆಯನ್ನು ಹೇಳುವುದು. ಹತ್ತು ಹತ್ತು ಸೆಂಟಿಮೀಟರಿಗೊಂದರಂತೆ ಚೂರು ತೆಗೆದು ಹೇಸ್ ಒಂದನ್ನು ಎಣಿಸಿದರು, ಶ್ಯಾಕಲ್ಟನ್ ಇನ್ನೊಂದನ್ನು ಅಳೆದರು, ಇಂಬ್ರಿ ಎರಡಕ್ಕೂ ಗಣಿತ ಹೂಡಿದರು. ಎರಡು ಕಂಬಗಳೂ ಸೇರಿ ನಾಲ್ಕೂವರೆ ಲಕ್ಷ ವರ್ಷಗಳು. ಆ ಅವಧಿಯಲ್ಲಿ ಸಮುದ್ರದ ಚಳಿಯೂ ನೆಲದ ಹಿಮವೂ ಒಂದು ಲಕ್ಷ, ನಲವತ್ತೊಂದು ಸಾವಿರ, ಇಪ್ಪತ್ತಮೂರು ಸಾವಿರ ವರ್ಷಗಳಿಗೆ ಸಮೀಪವಾದ ಆವರ್ತಗಳಲ್ಲಿ ಏರಿಳಿದಿದ್ದವು. ಭೂಮಿಯು ಸೂರ್ಯನನ್ನು ಸುತ್ತುವ ದಾರಿಯೂ ಅದರ ಅಚ್ಚಿನ ವಾಲುವಿಕೆಯೂ ಬದಲಾಗುವ ಆವರ್ತಗಳೇ ಇವು. ಹಿಮಯುಗಗಳಿಗೆ ಇದೇ ಕಾರಣವೆಂದು ಬೆಲ್‌ಗ್ರೇಡಿನ ಮಿಲುಟಿನ್ ಮಿಲಾಂಕೊವಿಚ್ ಕಾಗದದ ಮೇಲೆ ದಶಕಗಟ್ಟಲೆ ಗುಣಿಸಿ 1941ರಲ್ಲಿ ಗ್ರಂಥವನ್ನು ಪ್ರಕಟಿಸಿದ್ದರು. ನಂಬಿದವರು ಸ್ವಲ್ಪ ಮಂದಿ. ಕೆಸರಿನ ಸಾಕ್ಷ್ಯವು ಡಿಸೆಂಬರ್ 1976ರಲ್ಲಿ ಹೊರಬಿದ್ದಾಗ ಅವರು ತೀರಿಹೋಗಿ ಹದಿನೆಂಟು ವರ್ಷಗಳಾಗಿದ್ದವು. ಇನ್ನೊಂದು ಮಾತನ್ನೂ ಆ ಕೆಸರು ಹೇಳಿತು: ದಕ್ಷಿಣ ಸಮುದ್ರದ ನೀರಿನ ಉಷ್ಣತೆಯು ಉತ್ತರದ ಹಿಮರಾಶಿಗಿಂತ ಸ್ವಲ್ಪ ಮುಂಚಿತವಾಗಿಯೇ ಬದಲಾಗುತ್ತಿದ್ದಿತು. ಸಾಕ್ಷಿಗಳಿಬ್ಬರನ್ನೂ ಒಂದೇ ಪದರದಲ್ಲಿ ಎದುರುಬದುರಾಗಿ ನಿಲ್ಲಿಸದೆ ಇದನ್ನು ಯಾರೂ ಕಾಣಲಾರರಾಗಿದ್ದರು.

ನಮ್ಮ ಪಶ್ಚಿಮದ ಅರಬ್ಬೀ ಸಮುದ್ರದ ಕೆಸರೂ ಇಂಥದೇ ಮಾತನ್ನಾಡುವುದೆಂದು ಮಿತ್ರರು ಹೇಳಿದಾಗ ನಾನು ಕಿವಿ ನಿಮಿರಿಸಿದೆನು. ಮುಂಗಾರಿನ ಗಾಳಿಯು ಸೊಮಾಲಿಯಾ, ಓಮಾನ್ ಕರಾವಳಿಗಳ ಮೇಲೆ ಬಲವಾಗಿ ಬೀಸಿದಾಗ ಆಳದ ತಣ್ಣನೆಯ ನೀರು ಮೇಲಕ್ಕೆ ಉಕ್ಕುವುದು. ಆ ತಣ್ಣೀರಿನಲ್ಲಿ ಗ್ಲೊಬಿಜೆರಿನಾ ಬುಲಾಯ್ಡಿಸ್ ಎಂಬ ರಂಧ್ರಧಾರಿಯು ಹುಲುಸಾಗಿ ಬೆಳೆಯುವುದು. ಆದುದರಿಂದ ಅಲ್ಲಿಯ ಪದರಗಳಲ್ಲಿ ಈ ಒಂದು ಚಿಪ್ಪಿನ ಪಾಲನ್ನು ಎಣಿಸಿದರೆ ಮುಂಗಾರಿನ ಗಾಳಿಯ ಜೋರು ತಿಳಿಯುವುದು. ಒಂಬತ್ತು ಹತ್ತು ಸಾವಿರ ವರ್ಷಗಳ ಹಿಂದೆ ಅದು ಇಂದಿಗಿಂತ ಪ್ರಬಲವಾಗಿತ್ತು, ಹಿಮಯುಗದಲ್ಲಿ ದುರ್ಬಲವಾಗಿತ್ತು. ಕಾರವಾರಕ್ಕೆ ಅನತಿದೂರದಲ್ಲಿರುವ ಗೋವೆಯ ದೋನಾ ಪೌಲಾದಲ್ಲಿ, 1966ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯಲ್ಲಿಯೂ ಇಂಥ ಕೆಸರನ್ನು ಓದುವವರಿದ್ದಾರೆ.

ಹೊರಡುವ ಮುನ್ನ ಒಂದು ಪ್ರಶ್ನೆ ಉಳಿದಿದ್ದಿತು. ಮೂರು ಡಿಗ್ರಿ, ಎರಡು ಡಿಗ್ರಿ ಎಂದು ಇಷ್ಟೊಂದು ಜಗಳವೇಕೆ? ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ಅದಕ್ಕಿಂತ ಹೆಚ್ಚಿನ ಅಂತರವಿರುವುದಷ್ಟೆ? ಮಿತ್ರರು ಕಿಟಕಿಯಾಚೆಗಿನ ಬಂಡೆಯ ಕಡೆಗೆ ಕೈತೋರಿಸಿದರು. ಉಷ್ಣವಲಯದ ಸಮುದ್ರಕ್ಕೆ ಮೂರು ಡಿಗ್ರಿ ಸಾಕಾಗಿತ್ತು, ಇಲ್ಲಿ ಬೆಟ್ಟದಂಥ ಹಿಮ ನಿಂತ ಕಾಲಕ್ಕೂ ಮೇಪಲ್ ಮರಗಳು ಬೆಳೆದ ಈ ಕಾಲಕ್ಕೂ ಇರುವ ಅಂತರವಾಗಲು. ಆ ಮೂರನ್ನು ಏರಲು ಸಮುದ್ರವು ಸುಮಾರು ಹತ್ತು ಸಾವಿರ ವರ್ಷಗಳನ್ನು ತೆಗೆದುಕೊಂಡಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಈಚೆಗೆ, ನಾವು ಸುಟ್ಟ ಕಲ್ಲಿದ್ದಲು ಎಣ್ಣೆಗಳ ದೆಸೆಯಿಂದ, ಸಮುದ್ರಗಳ ಮೇಲ್ಮೈ ಸರಾಸರಿ ಒಂದು ಡಿಗ್ರಿಯ ಹತ್ತಿರಕ್ಕೆ ಏರಿದೆ. ಇದನ್ನು ಅವರು ಸ್ವರವೇರಿಸದೆ, ತಟ್ಟೆಯನ್ನು ಅದರ ಜಾಗಕ್ಕೆ ತಳ್ಳುತ್ತ ಹೇಳಿದರು.

"ನಿಮ್ಮ ತಂದೆಯವರ ಪುಸ್ತಕ ಈಗ ಎಲ್ಲಿದೆ?" ಎಂದು ಬೀಳ್ಕೊಡುವಾಗ ಕೇಳಿದರು. ಪೆಟ್ಟಿಗೆಯಲ್ಲಿ ಬಿದ್ದಿದೆಯೆಂದೆನು. "ಹತ್ತಿರದಲ್ಲಿ ಅದೇ ವರ್ಷಗಳ ಮಳೆಯನ್ನು ಬೇರೆ ಯಾರಾದರೂ ಬಯಲಿನಲ್ಲಿ ಅಳೆದಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಳೆ ಬೇರೆಯಾಗಿ ಬರುತ್ತದೆ, ಮರ ಬೇರೆಯಾಗಿ ಬರುತ್ತದೆ" ಎಂದರು.

ಊರಿಗೆ ಬಂದಮೇಲೆ ಆ ಹಳೆಯ ವರ್ಷಗಳ ಸರ್ಕಾರಿ ಮಳೆಯ ದಾಖಲೆಯನ್ನು ಅರ್ಜಿ ಕೊಟ್ಟು ನಕಲು ಮಾಡಿಸಿಕೊಂಡೆನು. ಈಗ ದಿನವೂ ಸಂಜೆ ತಿಂಡಿಯಾದಮೇಲೆ ಎರಡು ಪುಸ್ತಕಗಳನ್ನೂ ಹರಡಿಕೊಂಡು ಕೂಡುತ್ತೇನೆ. ತಂದೆಯವರ ಅಕ್ಷರ ಸಣ್ಣದು, ನನ್ನ ಕಣ್ಣು ಮಂದ. ಮೊದಲ ಆರೇಳು ವರ್ಷಗಳಲ್ಲಿ ಎರಡೂ ಹೆಚ್ಚುಕಡಿಮೆ ಕೂಡಿಯೇ ನಡೆದಿವೆ. 1951ರವರೆಗೆ ಬಂದಿದ್ದೇನೆ.